ಕ್ಯಾಬಿನ್ ಕ್ಯಾಮೆರಾ: ಕಣ್ಣು ಬಿಟ್ಕೊಂಡೇ ಓಡಿಸ್ತಿದ್ರೂ 'ನಿದ್ದೆ' ಅಂತ ಬಡ್ಕೊಳ್ಳುತ್ತೆ

ಹದಿನಾಲ್ಕು_ಚಕ್ರ:
ಎಲ್ಲರಿಗೂ ನಮಸ್ಕಾರ. ಮಾಲೀಕರು ನಮ್ಮ ಲಾರಿಗಳಿಗೆಲ್ಲ ಎರಡು ಕಡೆ ನೋಡೋ ಕ್ಯಾಮೆರಾ ಹಾಕಿಸಿದ್ದಾರೆ. ಒಂದು ರೋಡ್ ನೋಡುತ್ತೆ, ಇನ್ನೊಂದು ನನ್ನ ಮುಖ. 3 ವಾರದಿಂದ ಹಗಲು ಹೊತ್ತಲ್ಲಿ 'ನಿದ್ದೆ ಬರ್ತಿದೆ, ಗಾಡಿ ನಿಲ್ಲಿಸಿ' ಅಂತ ಕಿರುಚ್ತಾ ಇದೆ. ರಾತ್ರಿ, ನಿಜವಾಗ್ಲೂ ಕಣ್ಣು ಎಳೆಯೋ ಹೊತ್ತಲ್ಲಿ, ತೆಪ್ಪಗಿರುತ್ತೆ! ನಿನ್ನೆ ಒಂದೇ ದಿನ 11 ಸಲ. ಪ್ರತಿ ಸಲಾನೂ ಕ್ಲಿಪ್ ಆಫೀಸಿಗೆ ಹೋಗುತ್ತೆ, ನನ್ನ ಸ್ಕೋರ್ ಇಳಿಯುತ್ತೆ. ಸೂಪರ್‌ವೈಸರ್ ಫೋನ್ ಮಾಡಿ 'ರಾತ್ರಿ ಸರಿಯಾಗಿ ಮಲಗಪ್ಪ' ಅಂತಾರೆ. ಲೆನ್ಸ್ ಒರೆಸಿದೆ, ಆಫ್ ಮಾಡಿ ಆನ್ ಮಾಡಿದೆ. ಊಹೂಂ.

ರಾತ್ರಿಪಾಳಿ:
ಒಂದು ತುಂಡು ಟೇಪ್ ಅಂಟಿಸಿ ಗುರು, ಮುಗೀತು.

ವೈರಿಂಗ್_ಕೈ:
ಟೇಪ್ ಹಾಕಿದ್ರೆ ಬಹಳಷ್ಟು ಮಾಡೆಲ್‌ಗಳು 'ಕ್ಯಾಮೆರಾ ಮುಚ್ಚಿದೆ' ಅಂತ ಬೇರೆ ಅಲರ್ಟ್ ಕಳಿಸ್ತವೆ. ಅದು ನಿದ್ದೆಗಿಂತ ಕೆಟ್ಟ ಹೆಸರು. ಬೇಡ.
ಅಣ್ಣ, ಹಗಲಲ್ಲಿ ಕೂಲಿಂಗ್ ಗ್ಲಾಸ್ ಹಾಕ್ತೀರಾ? ಕ್ಯಾಮೆರಾ ಎಲ್ಲಿ ಕೂರಿಸಿದ್ದಾರೆ? ಫಿಟ್ ಮಾಡಿದ ದಿನ ಡ್ರೈವರ್ ಸೀಟಲ್ಲಿ ಕೂತಿದ್ದು ನೀವೇನಾ?

ಹದಿನಾಲ್ಕು_ಚಕ್ರ:
ಹೂಂ, ಗ್ಲಾಸ್ ಹಾಕ್ತೀನಿ. ಹಳೇದು ಗೀಚಿ ಹೋಗಿತ್ತು, ಹೆಚ್ಚುಕಡಿಮೆ 3 ವಾರದ ಹಿಂದೆ ಹೊಸದು ತಗೊಂಡೆ. ಅರೆ, ಲೆಕ್ಕ ಸರಿ ಹೋಗ್ತಿದೆಯಲ್ಲ. ಕ್ಯಾಮೆರಾ ಮುಂದಿನ ಗಾಜಿನ ಮೇಲ್ಗಡೆ, ನಟ್ಟನಡುವೆ ಇದೆ. ಅವತ್ತು ಸೀಟಲ್ಲಿ ಕೂತಿದ್ದು ಫಿಟ್ಟರ್ ಹುಡುಗ. ನನಗಿಂತ ಒಂದು ಗೇಣು ಗಿಡ್ಡ.

ವೈರಿಂಗ್_ಕೈ:
ಹಾಗಾದ್ರೆ ಒಂದಲ್ಲ, ಎರಡು ತೊಂದರೆ ಇದಾವೆ ಅನ್ಸುತ್ತೆ.

ಈ ಕ್ಯಾಮೆರಾ ಬರೀ ಬಿಸಿಲಿನ ಬೆಳಕನ್ನ ನಂಬಿಕೊಂಡು ನೋಡಲ್ಲ. ತಾನೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಮುಖಕ್ಕೆ ಬಡಿದು ವಾಪಸ್ ಬರೋದನ್ನ ನೋಡುತ್ತೆ. ಆ ಬೆಳಕಿನ ಅಲೆಯ ಉದ್ದ (ತರಂಗಾಂತರ) ಸಾಮಾನ್ಯವಾಗಿ 850 ಅಥವಾ 940 ನ್ಯಾನೋಮೀಟರ್. 850 ಆದ್ರೆ ಕತ್ತಲಲ್ಲಿ ಸಣ್ಣಗೆ ಕೆಂಪು ಕಾಣುತ್ತೆ, 940 ಅದೂ ಇಲ್ಲ. ಆಮೇಲೆ ಒಂದು ನಿಮಿಷದಲ್ಲಿ ಎಷ್ಟು ಪಾಲು ಹೊತ್ತು ರೆಪ್ಪೆ 80% ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿತ್ತು ಅಂತ ಲೆಕ್ಕ ಹಾಕುತ್ತೆ. ಇದಕ್ಕೆ ಪರ್ಕ್ಲೋಸ್ ಅಂತಾರೆ. ಸುಮ್ನೆ ಕಣ್ಣು ಮಿಟುಕಿಸೋದು ಅರ್ಧ ಸೆಕೆಂಡೂ ಇರಲ್ಲ, ಅದಕ್ಕೆಲ್ಲ ಕೂಗಬಾರದು.

ಎಷ್ಟೋ ಕಪ್ಪು ಗ್ಲಾಸ್‌ಗಳು ನಮಗೆ ಕಪ್ಪಾಗಿ ಕಂಡ್ರೂ ಇನ್‌ಫ್ರಾರೆಡ್‌ನ ಸಲೀಸಾಗಿ ಬಿಡ್ತವೆ. ಕೆಲವು ತಡೀತವೆ. ತಡೆದ್ರೆ ಕ್ಯಾಮೆರಾಗೆ ಕಣ್ಣಿನ ಜಾಗದಲ್ಲಿ ಬರೀ ಕಪ್ಪು. ಒಳ್ಳೆ ಸಾಫ್ಟ್‌ವೇರ್ ಆದ್ರೆ 'ಕಣ್ಣು ಕಾಣ್ತಿಲ್ಲ' ಅನ್ನುತ್ತೆ, ಅಡ್ಡಾದಿಡ್ಡಿ ಆದ್ರೆ 'ಮುಚ್ಚಿದೆ' ಅಂತ ತೀರ್ಮಾನ ಮಾಡುತ್ತೆ.

ಪರೀಕ್ಷೆ ಮನೇಲೇ ಮಾಡಿ. ಟಿವಿ ರಿಮೋಟಿನ ಮುಂದಿನ ಬಲ್ಬ್ ಬಿಡೋದೂ ಹೆಚ್ಚಾಗಿ 940ರ ಬೆಳಕೇ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ ರಿಮೋಟ್ ಒತ್ತಿದ್ರೆ ಬಲ್ಬ್ ನೇರಳೆ-ಬಿಳಿಯಾಗಿ ಮಿನುಗುತ್ತೆ (ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಇರೋದ್ರಿಂದ ಕಾಣದೇ ಇರಬಹುದು). ಈಗ ಮಧ್ಯೆ ಗ್ಲಾಸ್ ಹಿಡೀರಿ. ಮಿನುಗು ಕಂಡ್ರೆ ಗ್ಲಾಸ್ ತಪ್ಪಿಲ್ಲ. ಆರಿ ಹೋದ್ರೆ ಕಳ್ಳ ಸಿಕ್ಕಿದ.

ಎರಡನೇದು ಕ್ಯಾಲಿಬ್ರೇಶನ್. ನೇರವಾಗಿ ಕೂತ ತಲೆ ಎಲ್ಲಿರುತ್ತೆ ಅಂತ ಅದು ಫಿಟ್ಟರ್ ಹುಡುಗನನ್ನ ನೋಡಿ ಕಲಿತಿದೆ. ಮೇಲಿಂದ ನೋಡೋವಾಗ ರೆಪ್ಪೆ ಮೊದಲೇ ಅರ್ಧ ಮುಚ್ಚಿದ ಹಾಗೆ ಕಾಣುತ್ತೆ. ನಿಮ್ಮ ಮಾಮೂಲಿ ಸೀಟ್ ಎತ್ತರದಲ್ಲಿ ನೀವೇ ಕೂತು ಮತ್ತೆ ಮಾಡಿಸಿ. ಕನ್ನಡಿ ನೋಡಿದ್ದಕ್ಕೆಲ್ಲ 'ಗಮನ ರೋಡ್ ಮೇಲಿಡಿ' ಅಂತಿದ್ರೆ ಅದಕ್ಕೂ ಇದೇ ಮದ್ದು.

ಆ 11 ಕ್ಲಿಪ್‌ಗಳನ್ನ ಸೂಪರ್‌ವೈಸರ್ ಜೊತೆ ಕೂತು ನೋಡಿ. ಸ್ಕೋರ್ ಹಾಳೆ ಮೇಲೆ ವಾದ ಮಾಡ್ಬೇಡಿ, ವಿಡಿಯೋ ತೋರಿಸಿ.

ಸ್ಲೀಪರ್_ಬರ್ತ್:
ಮಧ್ಯೆ ನಂದೊಂದು. ಗಾಡಿ ನಿಲ್ಲಿಸಿ ಒಳಗೆ ಮಲಗಿದಾಗಲೂ ನೋಡ್ತಾ ಇರುತ್ತಾ ಇದು? ಬಟ್ಟೆ ಬದಲಾಯಿಸೋಕೂ ಮುಜುಗರ.

ವೈರಿಂಗ್_ಕೈ:
ವೈರ್ ಎಲ್ಲಿಗೆ ಕೊಟ್ಟಿದ್ದಾರೆ, ಸೆಟ್ಟಿಂಗ್ ಏನಿದೆ ಅನ್ನೋದರ ಮೇಲೆ. ಪವರ್ ಪೂರ್ತಿ ಕೀ ಲೈನಿಂದ ಬಂದ್ರೆ ಕೀ ತೆಗೆದಾಗ ನಿಲ್ಲುತ್ತೆ, ಕೆಲವು ಒಂದಷ್ಟು ನಿಮಿಷ ಬಿಟ್ಟು. ಬ್ಯಾಟರಿಗೆ ನೇರ ಇದ್ರೆ ಪಾರ್ಕಿಂಗಲ್ಲೂ ಎಚ್ಚರ ಇರಬಹುದು. ಕ್ಯಾಮೆರಾ ಮೇಲಿನ ಲೈಟ್ ಆರಿದೆ ಅಂತ ನಂಬ್ಬೇಡಿ, ಲೈಟ್ ಆರಿಸಿ ರೆಕಾರ್ಡ್ ಮಾಡೋ ಸೆಟ್ಟಿಂಗೂ ಇರುತ್ತೆ. ಒಳ ಕ್ಯಾಮೆರಾ ಯಾವಾಗ ಆನ್, ಮೈಕ್ ಇದೆಯಾ, ವಿಡಿಯೋ ಎಷ್ಟು ದಿನ ಇಡ್ತಾರೆ ಅಂತ ಆಫೀಸಿಂದ ಬರಹದಲ್ಲಿ ಕೇಳಿ. ಕೇಳೋದು ತಪ್ಪಲ್ಲ. ಯುರೋಪಿನ 2019ರ ವಾಹನ ಸುರಕ್ಷತಾ ನಿಯಮ ಗಾಡಿ ತಯಾರಕರೇ ಕೂರಿಸೋ ನಿದ್ದೆ ಎಚ್ಚರಿಕೆಗೆ ಏನು ಹೇಳುತ್ತೆ ಗೊತ್ತಾ? ಮಾಹಿತಿ ಹೊರಗಿನವರಿಗೆ ಸಿಗಬಾರದು, ಕೆಲಸ ಆದ ತಕ್ಷಣ ಅಳಿಸಬೇಕು. ಅಂದ್ರೆ ಡ್ರೈವರನ್ನ ಎಬ್ಬಿಸೋಕೆ ವಿಡಿಯೋ ಆಫೀಸಿಗೆ ಹೋಗಲೇಬೇಕು ಅಂತೇನಿಲ್ಲ. ಕಳಿಸೋದು ಮಾಲೀಕರ ಆಯ್ಕೆ.

ಹದಿನಾಲ್ಕು_ಚಕ್ರ:
ವೈರಿಂಗ್ ಅವರೇ, ಕೈ ಮುಗಿದೆ. ರಿಮೋಟ್ ಪರೀಕ್ಷೆಲಿ ಹೊಸ ಗ್ಲಾಸ್ ಪೂರ್ತಿ ಕತ್ತಲು, ಗೀಚಿದ ಹಳೇದರಲ್ಲಿ ಬಲ್ಬ್ ಫಳಫಳ. ಹಳೇದು ಹಾಕ್ಕೊಂಡು, ಕ್ಯಾಲಿಬ್ರೇಶನ್ ಮತ್ತೆ ಮಾಡಿಸಿ 4 ದಿನ ಓಡಿಸಿದೆ. ಒಟ್ಟು 2 ಅಲರ್ಟ್. ಸೂಪರ್‌ವೈಸರ್ ಹಳೇ ಕ್ಲಿಪ್ ನೋಡಿ, ಕಣ್ಣಿರೋ ಕಡೆ ಎರಡು ಕರಿ ತೂತು ಕಂಡು ನಕ್ಕುಬಿಟ್ರು. 11ನ್ನೂ ಸ್ಕೋರಿಂದ ತೆಗೆಸಿದ್ರು.

ಉಳಿದ ಆ 2 ಅಲರ್ಟ್? ಆಕಳಿಸಿದ್ದಕ್ಕೆ ಬಂದಿದ್ದು. ಅದು ನಂದೇ.