ಮೊಬೈಲ್ ತರಂಗ, ಮಿದುಳು ಮತ್ತು ಸಸ್ಯಜನ್ಯ ಆಂಟಿಆಕ್ಸಿಡೆಂಟ್‌ಗಳು: ಇಲಿಗಳ ಮೇಲಿನ ಪ್ರಯೋಗ ನಮಗೆಷ್ಟು ಅನ್ವಯ?

ನೆಲ್ಲಿಮರ:
ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ನಮ್ಮ ತಂದೆಯವರಿಗೆ ಪರಿಚಯದವರೊಬ್ಬರು ಗಿಂಕೊ ಮರದ ಎಲೆಯ ಸಾರ ಮತ್ತು ಅರಿಶಿನದಲ್ಲಿರುವ ಕರ್ಕ್ಯುಮಿನ್ ಸೇರಿಸಿದ ಮಾತ್ರೆಗಳನ್ನು ತಂದುಕೊಟ್ಟು, ಮೊಬೈಲಿನ ವಿದ್ಯುತ್ಕಾಂತೀಯ ತರಂಗಗಳಿಂದ ಮಿದುಳಿಗಾಗುವ ಹಾನಿಯನ್ನು ಇವು ತಡೆಯುತ್ತವೆ ಎಂದು ಹೇಳಿ ಹೋಗಿದ್ದಾರೆ. ಡಬ್ಬಿಯೊಳಗಿನ ಕರಪತ್ರದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳ ಪ್ರಸ್ತಾಪವಿದೆ. ಹುಡುಕಿ ನೋಡಿದರೆ ಅಂಥ ಪ್ರಬಂಧಗಳು ನಿಜಕ್ಕೂ ಪ್ರಕಟವಾಗಿವೆ, ಹಾಗಾಗಿ ಎಲ್ಲವನ್ನೂ ಬೊಗಳೆ ಎಂದು ತಳ್ಳಿಹಾಕಲು ಮನಸ್ಸು ಬರುತ್ತಿಲ್ಲ. ತರಂಗಗಳಿಂದ ಮಿದುಳಿನಲ್ಲಿ ಆಕ್ಸಿಡೇಟಿವ್ ಒತ್ತಡ (ಚಂಚಲ ಅಣುಗಳು ದೇಹದ ತಡೆಶಕ್ತಿಯನ್ನು ಮೀರಿ ಕೋಶಗಳನ್ನು ಹಾಳುಗೆಡಹುವ ಸ್ಥಿತಿ) ಉಂಟಾಗುವುದು ಎಷ್ಟರಮಟ್ಟಿಗೆ ಸಾಬೀತಾಗಿದೆ, ಸಸ್ಯಜನ್ಯ ಆಂಟಿಆಕ್ಸಿಡೆಂಟ್‌ಗಳು ಅದನ್ನು ತಗ್ಗಿಸುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಆಧಾರವಿದೆಯೇ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ತಂದೆಯವರು ಹೃದಯದ ತೊಂದರೆಗಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ.

ಜೀವರಸಾಯನ ಅಧ್ಯಾಪಕ:
ಪ್ರಬಂಧಗಳು ಇರುವುದು ನಿಜ. ಕರಪತ್ರದಲ್ಲಿರುವುದು ಬಹುಶಃ 2004ರಲ್ಲಿ ಟರ್ಕಿಯ ಸಂಶೋಧಕರು ಪ್ರಕಟಿಸಿದ ಗಿಂಕೊ ಪ್ರಯೋಗ. ದಿನಕ್ಕೆ ಒಂದು ಗಂಟೆಯಂತೆ ಏಳು ದಿನ 900 ಮೆಗಾಹರ್ಟ್ಸ್ ತರಂಗಗಳಿಗೆ ಒಡ್ಡಿದ ಇಲಿಗಳ ಮಿದುಳಿನಲ್ಲಿ ಮ್ಯಾಲೊನ್‌ಡೈಆಲ್ಡಿಹೈಡ್ ಎಂಬ ವಸ್ತು ಹೆಚ್ಚಿತ್ತು, ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ನಂಥ ರಕ್ಷಕ ಕಿಣ್ವಗಳ ಚಟುವಟಿಕೆ ಕುಗ್ಗಿತ್ತು. ಗಿಂಕೊ ಸಾರ ಪಡೆದ ಇಲಿಗಳಲ್ಲಿ ಈ ಏರುಪೇರು ಕಾಣಲಿಲ್ಲ. ಆಮೇಲೆ ಬೆಳ್ಳುಳ್ಳಿ, ಹಸಿರು ಚಹಾದ ಪಾಲಿಫಿನಾಲ್‌ಗಳ ಮೇಲೂ ಇದೇ ಮಾದರಿಯ ಕೆಲಸ ನಡೆಯಿತು.

ಮಿದುಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ. 2 ಮಾತ್ರ, ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ನರಕೋಶಗಳ ಪೊರೆಗಳಲ್ಲಿ ಡಿಎಚ್ಎಯಂಥ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೇರಳವಾಗಿದ್ದು, ಚಂಚಲ ಅಣುವಾದ ಒಂದು ಫ್ರೀ ರ‍್ಯಾಡಿಕಲ್ ಅಲ್ಲಿಂದ ಒಂದು ಹೈಡ್ರೋಜನ್ ಕಿತ್ತುಕೊಂಡರೆ ಪಕ್ಕದ ಅಣು, ಅದರ ಪಕ್ಕದ ಅಣು ಎಂದು ಸರಣಿ ಕ್ರಿಯೆ ಮುಂದುವರಿಯುತ್ತದೆ. ಮ್ಯಾಲೊನ್‌ಡೈಆಲ್ಡಿಹೈಡ್ ಈ ಕ್ರಿಯೆಯ ಕೊನೆಯಲ್ಲಿ ಉಳಿಯುವ ತುಣುಕು. ಅದನ್ನು ಅಳೆಯುವ ಸಾಮಾನ್ಯ ವಿಧಾನ ಹೀಗಿದೆ: ಅಂಗಾಂಶವನ್ನು ಅರೆದು, ಥಯೋಬಾರ್ಬಿಟ್ಯುರಿಕ್ ಆಮ್ಲದೊಡನೆ ಕಾಯಿಸಿ, ಬರುವ ಗುಲಾಬಿ ಬಣ್ಣದ ಗಾಢತೆಯನ್ನು 532 ನ್ಯಾನೊಮೀಟರಿನಲ್ಲಿ ನೋಡುವುದು. ಸಕ್ಕರೆಗಳಂಥ ಬೇರೆ ವಸ್ತುಗಳೂ ಈ ಆಮ್ಲದೊಡನೆ ಬಣ್ಣ ಕೊಡುತ್ತವೆ. ಕಾಯಿಸುವಾಗಲೇ ಮಾದರಿಯಲ್ಲಿ ಹೊಸದಾಗಿ ಆಕ್ಸಿಡೀಕರಣ ನಡೆಯುವುದೂ ಉಂಟು. ಆದ್ದರಿಂದ ಈ ಒಂದು ಅಳತೆಯನ್ನಷ್ಟೇ ನಂಬಿ ಬರೆದ ಪ್ರಬಂಧವನ್ನು ನಾನು ಅರೆಮನಸ್ಸಿನಿಂದಲೇ ಓದುತ್ತೇನೆ.

ಭೌತಶಾಸ್ತ್ರದ ಅಡ್ಡಿಯೂ ಇದೆ. 900 ಮೆಗಾಹರ್ಟ್ಸ್ ಫೋಟಾನಿನ, ಅಂದರೆ ಆ ತರಂಗದ ಒಂದು ಶಕ್ತಿಕಣದ, ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದೇಹದ ಬಿಸುಪಿನಿಂದ ಅಣುಗಳಿಗೆ ಸಹಜವಾಗಿಯೇ ಇರುವ ಶಕ್ತಿ ಅದರ ಸಾವಿರಾರು ಪಟ್ಟು. ಎಂದಮೇಲೆ ಎಕ್ಸ್-ರೇಯಂತೆ ಇದು ನೇರವಾಗಿ ರಾಸಾಯನಿಕ ಬಂಧಗಳನ್ನು ಮುರಿಯಲಾರದು. ಅಂಗಾಂಶವನ್ನು ಬಿಸಿ ಮಾಡುವುದೊಂದೇ ನಿಶ್ಚಿತವಾಗಿ ತಿಳಿದಿರುವ ಕ್ರಿಯೆ. ಉಳಿದವು ಊಹೆಗಳ ಹಂತದಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ಆಕ್ಸಿಡೇಟಿವ್ ಒತ್ತಡದ ಪ್ರಯೋಗಗಳನ್ನೆಲ್ಲ ತೂಗಿ ನೋಡಿದ 2024ರ ವಿಮರ್ಶೆ, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲವೆಂದೂ ಸಾಕ್ಷ್ಯದ ಖಚಿತತೆ ಬಹಳ ಕಡಿಮೆಯೆಂದೂ ಹೇಳಿದೆ.

ಆಂಟೆನಾ ಎಂಜಿನಿಯರ್:
ಅಧ್ಯಾಪಕರ ಮಾತಿಗೆ ಪ್ರಮಾಣದ ಪ್ರಶ್ನೆಯೊಂದನ್ನು ಸೇರಿಸಬೇಕು. ದೇಹ ಹೀರಿಕೊಳ್ಳುವ ರೇಡಿಯೊ ಶಕ್ತಿಯನ್ನು ಎಸ್‌ಎಆರ್ ಎಂಬ ಮಾಪನದಲ್ಲಿ, ಕಿಲೋಗ್ರಾಂಗೆ ಇಷ್ಟು ವಾಟ್ ಎಂದು ಹೇಳುತ್ತಾರೆ. ಭಾರತದಲ್ಲಿ 2012ರಲ್ಲಿ ಮೊಬೈಲ್ ಫೋನುಗಳಿಗೆ ವಿಧಿಸಿದ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಂತೆ 1.6. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಅದರ ಎಸ್‌ಎಆರ್ ಮೌಲ್ಯ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ ಪ್ರಯೋಗದಲ್ಲಿ, ಅಂತಿಮ ವರದಿ ಬಂದದ್ದು 2018ರಲ್ಲಿ, ಇಲಿಗಳ ಇಡೀ ದೇಹವನ್ನು ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ 6ರವರೆಗಿನ ಎಸ್‌ಎಆರ್‌ಗೆ ಒಡ್ಡಿದ್ದರು. ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳಾದದ್ದಕ್ಕೆ ಸ್ಪಷ್ಟ ಆಧಾರವೂ ಮಿದುಳಿನ ಗೆಡ್ಡೆಗಳಿಗೆ ಅಲ್ಪಸ್ವಲ್ಪ ಆಧಾರವೂ ಸಿಕ್ಕಿತು. ಆದರೆ ಅದೇ ಗಂಡು ಇಲಿಗಳು ತರಂಗ ಸೋಕದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು. 

ಸಣ್ಣ ಪ್ರಯೋಗಾಲಯಗಳ ಕಥೆ ಬೇರೆ. ಕೆಲವೆಡೆ ಇಲಿಯನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಮೂತಿ ನಡುವಿನ ಆಂಟೆನಾದ ಕಡೆಗಿರುವಂತೆ ಸುತ್ತಲೂ ಜೋಡಿಸುತ್ತಾರೆ. ಅಲುಗಾಡದಂತೆ ಹಿಡಿದಿಡುವುದರಿಂದಲೇ ಪ್ರಾಣಿಯಲ್ಲಿ ಆಕ್ಸಿಡೇಟಿವ್ ಒತ್ತಡದ ಗುರುತುಗಳು ಏರುತ್ತವೆ. ತರಂಗವಿಲ್ಲದೆ ಅದೇ ಕೊಳವೆಯಲ್ಲಿ ಕೂಡಿಟ್ಟ ಗುಂಪಿನೊಡನೆ ಹೋಲಿಸದಿದ್ದರೆ ಆ ಫಲಿತಾಂಶಕ್ಕೆ ಅರ್ಥವಿಲ್ಲ. ಇನ್ನು ಕೆಲವರು ಪಂಜರದ ಕೆಳಗೆ ಮಾಮೂಲಿ ಫೋನ್ ಇಟ್ಟು ಕರೆ ಹಚ್ಚಿಬಿಡುತ್ತಾರೆ. ಟವರಿನ ಸಿಗ್ನಲ್ ಹೇಗಿದೆಯೋ ಹಾಗೆ ಫೋನು ತನ್ನ ಶಕ್ತಿಯನ್ನು ಏರಿಳಿಸುವುದರಿಂದ, ಇಲಿಗೆ ತಲುಪಿದ್ದೆಷ್ಟು ಎಂಬುದು ಪ್ರಯೋಗ ಮಾಡಿದವರಿಗೂ ಗೊತ್ತಿರುವುದಿಲ್ಲ.

ಹಾಗೆಂದು ಮಿದುಳಿನ ಮೇಲೆ ಪರಿಣಾಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2011ರಲ್ಲಿ ಅಮೆರಿಕದಲ್ಲಿ 47 ಜನರ ಕಿವಿಗೆ 50 ನಿಮಿಷ ಫೋನ್ ಹಿಡಿಸಿ ಸ್ಕ್ಯಾನ್ ಮಾಡಿದಾಗ, ಆಂಟೆನಾದ ಹತ್ತಿರದ ಭಾಗದಲ್ಲಿ ಗ್ಲೂಕೋಸ್ ಬಳಕೆ ಸುಮಾರು ಶೇ. 7ರಷ್ಟು ಹೆಚ್ಚಿತ್ತು. ಅದು ಹಾನಿಯ ಸೂಚನೆ ಎನ್ನಲು ಆಧಾರ ಸಿಗಲಿಲ್ಲ. ರೇಡಿಯೊ ತರಂಗಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲೇ ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದ್ದರೂ, 2024ರಲ್ಲಿ ಬಂದ ಇನ್ನೊಂದು ಸಮಗ್ರ ವಿಮರ್ಶೆಗೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಅಷ್ಟಾದರೂ ಅಳುಕಿದ್ದರೆ ಇಯರ್‌ಫೋನ್ ಬಳಸಿ, ಸಿಗ್ನಲ್ ಕ್ಷೀಣವಿರುವಲ್ಲಿ ಉದ್ದುದ್ದ ಮಾತು ಬೇಡ. ಕೆಲವೇ ಸೆಂಟಿಮೀಟರ್ ಅಂತರ ಮಾಡುವಷ್ಟು ಕೆಲಸವನ್ನು ಯಾವ ಮಾತ್ರೆಯೂ ಮಾಡದು.

ನೆಲ್ಲಿಮರ:
ಇಬ್ಬರಿಗೂ ಧನ್ಯವಾದಗಳು. ಮಾತ್ರೆಯ ಬದಲು ಮನೆಯ ಅರಿಶಿನ, ನೆಲ್ಲಿಕಾಯಿಯನ್ನೇ ಹೆಚ್ಚಿಸಿದರೆ ಪ್ರಯೋಜನವಿದೆಯೇ? ಕಾಳುಮೆಣಸು ಸೇರಿಸಿದರೆ ಅರಿಶಿನ ಚೆನ್ನಾಗಿ ಮೈಗೆ ಹತ್ತುತ್ತದೆ ಎನ್ನುತ್ತಾರಲ್ಲ?

ಔಷಧಶಾಸ್ತ್ರ:
ಮೆಣಸಿನ ಮಾತಿಗೆ ಮೂಲ ನಮ್ಮ ಬೆಂಗಳೂರಿನಲ್ಲೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಒಂದನ್ನೇ ನುಂಗಿದ ಸ್ವಯಂಸೇವಕರ ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ. ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ದೇಹಕ್ಕೆ ಅದರ ಲಭ್ಯತೆ ಶೇ. 2000ರಷ್ಟು ಹೆಚ್ಚಿತು. ಸಂಖ್ಯೆ ದೊಡ್ಡದಾಗಿ ಕಾಣುವುದು ಮೊದಲಿದ್ದ ಮಟ್ಟ ಅಷ್ಟು ಕಡಿಮೆಯಿದ್ದುದರಿಂದ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3, ಎರಡು ಗ್ರಾಂ ಬೇಕೆಂದರೆ ಅರವತ್ತು ಗ್ರಾಂಗಿಂತ ಹೆಚ್ಚು ಪುಡಿ ತಿನ್ನಬೇಕು, ಅದು ಯಾವ ಸಾರಿಗೂ ಹಿಡಿಸದ ಲೆಕ್ಕ. ಪೈಪರಿನ್ ಕರ್ಕ್ಯುಮಿನ್‌ಗಷ್ಟೇ ದಾರಿ ಬಿಡುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಅಡುಗೆಯ ಮೆಣಸಿಗೆ ಹೆದರಬೇಕಾಗಿಲ್ಲ, ಮಾತ್ರೆಯಲ್ಲಿ ಸಾಂದ್ರವಾಗಿ ತುಂಬಿದ ಪೈಪರಿನ್ ಬಗ್ಗೆ ಎಚ್ಚರವಿರಲಿ.

ನೆಲ್ಲಿಕಾಯಿ ಧಾರಾಳವಾಗಿ ತಿನ್ನಲಿ, ಆದರೆ ತರಂಗಗಳ ಹೆಸರಿನಲ್ಲಿ ಬೇಡ. ಇಲಿ ತನಗೆ ಬೇಕಾದ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಾವು ಊಟದಿಂದಲೇ ಪಡೆಯಬೇಕು. ಆಂಟಿಆಕ್ಸಿಡೆಂಟ್ ಪ್ರಯೋಗಗಳನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವಾಗ ಇಷ್ಟು ಮೂಲಭೂತ ವ್ಯತ್ಯಾಸವನ್ನೂ ಮರೆಯುತ್ತಾರೆ. ಸಸ್ಯಗಳ ಪಾಲಿಫಿನಾಲ್‌ಗಳು ಕರುಳು, ಯಕೃತ್ತುಗಳಲ್ಲಿ ರೂಪಾಂತರಗೊಂಡು ಅತ್ಯಲ್ಪ ಪ್ರಮಾಣದಲ್ಲಿ ರಕ್ತ ಸೇರುವುದರಿಂದ, ಪ್ರನಾಳದಲ್ಲಿ ತೋರಿದ ಶಕ್ತಿಯನ್ನು ದೇಹದೊಳಗೂ ತೋರುತ್ತವೆ ಎನ್ನಲಾಗದು. ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡದ್ದೂ ಇಂಥ ಕಾರಣಕ್ಕೇ.

ಮನುಷ್ಯರ ಮೇಲೆ ಗಿಂಕೊ ಪರೀಕ್ಷೆ ನಡೆದಿದೆ, ಆದರೆ ಮರೆವಿನ ಕಾಯಿಲೆಗಾಗಿ. 75 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 3,069 ಜನರಲ್ಲಿ ಸುಮಾರು ಆರು ವರ್ಷ ನಡೆದ, 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಡಿಮೆನ್ಷಿಯಾ ಕಡಿಮೆಯಾಗಲಿಲ್ಲ. ಆಂಟಿಆಕ್ಸಿಡೆಂಟ್ ಎಂದಮಾತ್ರಕ್ಕೆ ನಿರಪಾಯ ಎಂದೂ ಭಾವಿಸಬಾರದು: ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ಬೀಟಾ ಕೆರೊಟಿನ್ ಮಾತ್ರೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾದದ್ದು 1994ರಲ್ಲಿ ವರದಿಯಾಯಿತು.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ತರಂಗಕ್ಕಿಂತ ಆಸ್ಪಿರಿನ್ ಮುಖ್ಯವಾಗಿ ಕಾಣುತ್ತದೆ. ಗಿಂಕೊದಲ್ಲಿರುವ ಗಿಂಕೊಲೈಡ್ ಬಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಟ್ಟುಗೂಡಲು ಪ್ರಚೋದಿಸುವ ಅಂಶವೊಂದನ್ನು ತಡೆಯುತ್ತದೆ. ಆಸ್ಪಿರಿನ್ ಜೊತೆ ಗಿಂಕೊ ಸೇವಿಸಿದವರಲ್ಲಿ ರಕ್ತಸ್ರಾವವಾದ ಪ್ರಕರಣಗಳು ವರದಿಯಾಗಿವೆ. ಮಾತ್ರೆಯನ್ನು ಈಗಲೇ ಆರಂಭಿಸಬೇಡಿ, ಡಬ್ಬಿಯನ್ನು ಹೃದ್ರೋಗ ವೈದ್ಯರಿಗೆ ತೋರಿಸಿ. ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಬೇಕಾದದ್ದು ಗಿಂಕೊ. ಆಸ್ಪಿರಿನನ್ನು ಮಾತ್ರ ವೈದ್ಯರನ್ನು ಕೇಳದೆ ಒಂದು ದಿನವೂ ತಪ್ಪಿಸಬೇಡಿ.