ಹಳೇ ಬಾಕ್ಸಿಂಗ್ ಪಂದ್ಯ ನೋಡುತ್ತಾ ಸ್ಕೋರ್ ಹಾಕುವವರು ಇದ್ದೀರಾ? ಅನುಭವ ಹೇಳಿ

ಹೊಸ ಪ್ರೇಕ್ಷಕಿ:
ಎಲ್ಲರಿಗೂ ನಮಸ್ಕಾರ. ಮೇರಿ ಕೋಮ್, ಲವ್ಲಿನಾ ಪಂದ್ಯಗಳನ್ನು ನೋಡಿ ಬಾಕ್ಸಿಂಗ್ ಹುಚ್ಚು ಹತ್ತಿತು. ಈಗ ಯೂಟ್ಯೂಬ್‌ನಲ್ಲಿ ಸಿಗುವ ಹಳೇ ಪಂದ್ಯಗಳ ಬೆನ್ನು ಬಿದ್ದಿದ್ದೇನೆ. ಸುಮ್ನೆ ನೋಡುವ ಬದಲು ಜಡ್ಜ್‌ಗಳ ಥರ ಪ್ರತಿ ರೌಂಡಿಗೂ ಅಂಕ ಹಾಕುತ್ತಿದ್ದೇನೆ. ಗೆದ್ದವರಿಗೆ 10, ಸೋತವರಿಗೆ 9, ಬಿದ್ದರೆ 8 ಎನ್ನುವ ಲೆಕ್ಕ ಗೊತ್ತು. ಆದರೆ ಇಬ್ಬರೂ ಸಮಸಮ ಹೊಡೆದಾಡಿದ ರೌಂಡ್ ಬಂದರೆ ಪೆನ್ನು ನಿಂತುಬಿಡುತ್ತದೆ. 1987ರ ಹ್ಯಾಗ್ಲರ್–ಲೆನರ್ಡ್ ಪಂದ್ಯದಲ್ಲಿ ನನ್ನ ಲೆಕ್ಕಕ್ಕೆ ಹ್ಯಾಗ್ಲರ್ ಗೆದ್ದ. ತೀರ್ಪು ನೋಡಿದರೆ ಲೆನರ್ಡ್ ಕಡೆಗಿದೆ. ನಾನು ನೋಡುವ ರೀತಿಯಲ್ಲೇ ಏನಾದರೂ ಎಡವಟ್ಟು ಇದೆಯಾ? ಕಾಮೆಂಟರಿ ಕೇಳಬೇಕಾ, ಬೇಡವಾ? ಯಾವ ಪಂದ್ಯಗಳಿಂದ ಶುರು ಮಾಡಲಿ?

ಹದಿನೈದನೇ ರೌಂಡ್:
ಮೇಡಂ, ಆ ಪಂದ್ಯದಲ್ಲಿ ಹ್ಯಾಗ್ಲರ್ ಗೆದ್ದ ಎನ್ನುವವರು ನೀವೊಬ್ಬರೇ ಅಲ್ಲ. ಆ ಜಗಳ ಇವತ್ತಿಗೂ ಮುಗಿದಿಲ್ಲ. ಜಡ್ಜ್‌ಗಳಲ್ಲೇ ಒಮ್ಮತ ಇರಲಿಲ್ಲ ನೋಡಿ. ಲೂ ಫಿಲಿಪ್ಪೊ 115-113 ಅಂತ ಹ್ಯಾಗ್ಲರ್‌ಗೆ ಕೊಟ್ಟರು. ಡೇವ್ ಮೊರೆಟ್ಟಿ ಅದೇ 115-113 ಅನ್ನು ಲೆನರ್ಡ್‌ಗೆ ಕೊಟ್ಟರು. ಮೂರನೆಯವರು ಜೋಜೋ ಗೆರಾ, 118-110 ಲೆನರ್ಡ್‌ಗೆ. ಮೊದಲ ಎರಡು ಕಾರ್ಡ್ (ಜಡ್ಜ್ ಅಂಕ ಬರೆಯುವ ಹಾಳೆ) ಯಾರು ಹಾಕಿದರೂ ನಾನು ಒಪ್ಪುತ್ತೇನೆ. ಮೂರನೆಯದರ ಪ್ರಕಾರ ಹನ್ನೆರಡು ರೌಂಡಿನಲ್ಲಿ ಹ್ಯಾಗ್ಲರ್‌ಗೆ ಸಿಕ್ಕಿದ್ದು ಎರಡೇ. ಅದು ಯಾವ ಪಂದ್ಯದ ಕಾರ್ಡೋ ಏನೋ!

ಆ ಪಂದ್ಯವನ್ನು ಇನ್ನೊಮ್ಮೆ ನೋಡಿ. ಈ ಸಲ ಗಡಿಯಾರದ ಮೇಲೂ ಒಂದು ಕಣ್ಣಿರಲಿ. ಲೆನರ್ಡ್ ಅದಕ್ಕೆ ಹಿಂದಿನ ಐದು ವರ್ಷದಲ್ಲಿ ಆಡಿದ್ದು ಒಂದೇ ಪಂದ್ಯ. ಮೂರು ನಿಮಿಷ ಪೂರ್ತಿ ಹೊಡೆದಾಡುವಷ್ಟು ದಮ್ಮು ಅವನಲ್ಲಿ ಇರಲಿಲ್ಲ. ಹಾಗಾಗಿ ಸುತ್ತು ಹಾಕುತ್ತಾ, ತಬ್ಬಿಕೊಳ್ಳುತ್ತಾ ಸಮಯ ಕಳೆಯುತ್ತಿದ್ದ. ಕೊನೆಯ ಮೂವತ್ತು ಸೆಕೆಂಡ್ ಇದೆ ಅಂತ ಕಾರ್ನರ್‌ನಿಂದ (ಅವನ ಕೋಚ್‌ಗಳಿರುವ ಮೂಲೆ) ಕೂಗು ಬಂದ ತಕ್ಷಣ ಎರಡೂ ಕೈಯಿಂದ ಪಟಪಟ ಹೊಡೆಯುತ್ತಿದ್ದ. ಜನ ಎದ್ದು ನಿಂತು ಕಿರುಚುತ್ತಿದ್ದರು, ಅಷ್ಟರಲ್ಲಿ ಗಂಟೆ. ಜಡ್ಜ್ ಪೆನ್ನು ಹಿಡಿಯುವ ಹೊತ್ತಿಗೆ ತಲೆಯಲ್ಲಿ ಉಳಿದಿರುವುದು ಅದೇ ತಾನೇ? ಆ ಹೊಡೆತಗಳಲ್ಲಿ ಎಷ್ಟು ತಾಗಿದವು, ಎಷ್ಟು ಗ್ಲೌಸ್ ಮೇಲೆ ಬಿದ್ದವು ಅಂತ ನಿಧಾನಕ್ಕೆ ಓಡಿಸಿ ನೋಡಿ. ಮಜಾ ಇದೆ.

ಇನ್ನೊಂದು ಕಡೆ ಹ್ಯಾಗ್ಲರ್ ಮೊದಲ ರೌಂಡುಗಳನ್ನು ಕೈಯಾರೆ ಬಿಟ್ಟುಕೊಟ್ಟ. ಎಡಗೈ ಆಟಗಾರ ಯಾಕೆ ಬಲಗೈಯವರ ಹಾಗೆ ನಿಂತು ಶುರು ಮಾಡಿದನೋ, ಅವನ ಅಭಿಮಾನಿಗಳು ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಐದನೇ ರೌಂಡಿನ ಕೊನೆಗೆ ಕೆಳಗಿನಿಂದ ಮೇಲಕ್ಕೆ ಒಂದು ಅಪ್ಪರ್‌ಕಟ್ ಹಾಕಿ ಲೆನರ್ಡ್ ಕಾಲು ಅಲುಗಾಡಿಸಿದ. ಅಷ್ಟರಲ್ಲಾಗಲೇ ನಾಲ್ಕು ರೌಂಡ್ ಕಳೆದಿತ್ತು.

ಅದಕ್ಕೇ ನಾನು ರೌಂಡನ್ನು ಮೂರು ಭಾಗ ಮಾಡುತ್ತೇನೆ. ಒಂದೊಂದು ನಿಮಿಷಕ್ಕೂ ಪುಸ್ತಕದಲ್ಲಿ ಯಾರ ಕೈ ಮೇಲಿತ್ತೋ ಅವರ ಹೆಸರಿನ ಮೊದಲ ಅಕ್ಷರ. ಹ್ಯಾ, ಹ್ಯಾ, ಲೆ ಅಂತ ಬಂದರೆ ಕೊನೆಯ ನಿಮಿಷದ ಗಲಾಟೆಗೆ ಮರುಳಾಗುವುದು ಕಡಿಮೆಯಾಗುತ್ತದೆ. ಪಕ್ಕದಲ್ಲಿ ಕಾರಣ ಬರೆಯುತ್ತೇನೆ, ಒಂದೇ ಪದ. "ಜ್ಯಾಬ್" (ಮುಂದಿನ ಕೈಯ ನೇರ ಗುದ್ದು), "ಹೊಟ್ಟೆ", "ಓಡಿದ" ಹೀಗೆ. ಕಾರಣ ಹೊಳೆಯಲಿಲ್ಲ ಅಂದರೆ ಪ್ರಶ್ನೆ ಚಿಹ್ನೆ.

ಈ ಪ್ರಶ್ನೆ ಚಿಹ್ನೆಯೇ ಮುಖ್ಯ. ನಿಮ್ಮ ಕಾರ್ಡಿನಲ್ಲಿ ಲೆನರ್ಡ್‌ಗೆ ಖಚಿತವಾಗಿ ಐದು, ಹ್ಯಾಗ್ಲರ್‌ಗೆ ನಾಲ್ಕು, ಅನುಮಾನದ್ದು ಮೂರು ಅಂತಿಟ್ಟುಕೊಳ್ಳಿ. ಮೂರನ್ನೂ ಲೆನರ್ಡ್‌ಗೆ ಕೊಟ್ಟರೆ 116-112, ಹ್ಯಾಗ್ಲರ್‌ಗೆ ಕೊಟ್ಟರೆ 115-113. ಇಬ್ಬರಲ್ಲಿ ಯಾರು ಗೆದ್ದರೂ ಸರಿ ಎನ್ನುವ ಪಂದ್ಯ ಅದು. ಪ್ರಶ್ನೆ ಚಿಹ್ನೆ ಎಲ್ಲ ಜಡ್ಜ್‌ಗಳು ಗೆಲ್ಲಿಸಿದವನಿಗೇ ಕೊಟ್ಟರೂ ನಿಮ್ಮ ಕಾರ್ಡಿನಲ್ಲಿ ಅವನು ಗೆಲ್ಲುವುದಿಲ್ಲ ಅಂತಾದರೆ ಮಾತ್ರ ಅನ್ಯಾಯ ಅಂತ ಕೂಗಿ. ಜಡ್ಜ್‌ಗಳಿಗಿಂತ ನಿಮ್ಮ ಕಾರ್ಡ್ ಬೇರೆ ಬಂತು ಅನ್ನುವುದು ಎಡವಟ್ಟೇನೂ ಅಲ್ಲ.

ರಾತ್ರಿ ಪಾಳಿ:
ಕಾಮೆಂಟರಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಾತು ಒಂದೇ, ಮ್ಯೂಟ್ ಮಾಡಿ. ಕಾಮೆಂಟೇಟರ್ ಒಬ್ಬನನ್ನು ಮನಸ್ಸಿನಲ್ಲಿ ಗೆಲ್ಲಿಸಿಬಿಟ್ಟರೆ ಅವನ ಹೊಡೆತಗಳು ಮಾತ್ರ ನಮ್ಮ ಕಿವಿಗೆ ಬೀಳುತ್ತವೆ. ತೆರೆಯ ಮೇಲೆ ಬರುವ ಅವರ ಅಂಕಪಟ್ಟಿಯನ್ನೂ ಕೈ ಅಡ್ಡ ಇಟ್ಟು ಮುಚ್ಚಿಕೊಳ್ಳಿ. ವಿಡಿಯೋ ಕೆಳಗಿನ ಕಾಮೆಂಟ್ ಅಂತೂ ಮೊದಲೇ ಓದಬೇಡಿ.

ಹಗ್ಗದ ಪಕ್ಕ:
ಪೂರ್ತಿ ಮ್ಯೂಟ್ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಗುರೂ. ಗುದ್ದಿನ ಸದ್ದು ಹೋಗಿಬಿಡುತ್ತದಲ್ಲ. ಗ್ಲೌಸ್ ಮೇಲೆ ಬಿದ್ದದ್ದಕ್ಕೂ ಪಕ್ಕೆಗೆ ಬಿದ್ದದ್ದಕ್ಕೂ ಸದ್ದೇ ಬೇರೆ. ನಾನು ಸದ್ದನ್ನು ಸಣ್ಣಗೆ ಇಟ್ಟುಕೊಳ್ಳುತ್ತೇನೆ.

ಕಾಲೇಜಿನಲ್ಲಿ ಸ್ವಲ್ಪ ಕಾಲ ಗ್ಲೌಸ್ ಹಾಕಿದವನಾಗಿ ಇನ್ನೊಂದು ಮಾತು. ಹೊಡೆಯುವವನ ಕೈ ನೋಡಬೇಡಿ, ತಿನ್ನುವವನನ್ನು ನೋಡಿ. ಗಲ್ಲ ಪಕ್ಕಕ್ಕೆ ತಿರುಗಿತಾ? ಹಿಮ್ಮಡಿ ಹಿಂದೆ ಸರಿಯಿತಾ? ಪಕ್ಕೆಗೆ ಬಲವಾಗಿ ಬಿದ್ದರೆ ಮೊಣಕೈ ತಾನಾಗಿ ಕೆಳಗಿಳಿಯುತ್ತದೆ, ಮುಂದಿನ ರೌಂಡಿನಲ್ಲಿ ಕಾಲು ಭಾರ ಆಗುತ್ತದೆ. ಹತ್ತು ಹೊಡೆತ ತೂರಿದವನಿಗಿಂತ ಇಂಥ ಎರಡು ಕೊಟ್ಟವನಿಗೆ ನಾನು ರೌಂಡ್ ಕೊಡುತ್ತೇನೆ. ಮುಂದೆ ನುಗ್ಗಿದವನೆಲ್ಲ ಗೆದ್ದ ಅಂತಲೂ ಅಲ್ಲ. ನುಗ್ಗಿ ನುಗ್ಗಿ ಮುಖಕ್ಕೆ ಜ್ಯಾಬ್ ತಿಂದರೆ ಅದೆಂಥ ದಾಳಿ?

ಇದು ಅರ್ಥ ಆಗಬೇಕಾದರೆ 1990ರ ಮಾರ್ಚ್ 17ರ ಚಾವೆಜ್–ಮೆಲ್ಡ್ರಿಕ್ ಟೇಲರ್ ಪಂದ್ಯ ನೋಡಿ. ಟೇಲರ್ ಕೈ ಮಿಂಚು. ಒಂದಾದ ಮೇಲೊಂದು ರೌಂಡ್ ಬಾಚಿಕೊಂಡ. ಆದರೆ ಚಾವೆಜ್‌ನ ಒಂದೊಂದು ಹೊಡೆತಕ್ಕೂ ಅವನ ಮುಖ ಊದುತ್ತಾ ಹೋಗುತ್ತದೆ. ಹನ್ನೊಂದು ರೌಂಡ್ ಮುಗಿದಾಗ ಟೇಲರ್‌ಗೆ ಒಬ್ಬರ ಕಾರ್ಡಿನಲ್ಲಿ 107-102, ಇನ್ನೊಬ್ಬರಲ್ಲಿ 108-101 ಮುನ್ನಡೆ. ಮೂರನೆಯವರು ಮಾತ್ರ 105-104 ಅಂತ ಚಾವೆಜ್ ಕಡೆ. ಕೊನೆಯ ರೌಂಡಿನಲ್ಲಿ ಟೇಲರ್ ಬಿದ್ದ, ಎದ್ದ. ರೆಫರಿ ರಿಚರ್ಡ್ ಸ್ಟೀಲ್ ಏನೋ ಕೇಳಿದರು, ಸರಿಯಾದ ಉತ್ತರ ಬರಲಿಲ್ಲ, ಪಂದ್ಯ ನಿಲ್ಲಿಸಿದರು. ಆಗ ಉಳಿದಿದ್ದು ಎರಡೇ ಸೆಕೆಂಡ್. ಒಂದು ಸಲ ಹೊಡೆತ ಎಣಿಸಿ ಸ್ಕೋರ್ ಹಾಕಿ, ಇನ್ನೊಂದು ಸಲ ಪೆಟ್ಟಿನ ತೂಕ ನೋಡಿ ಹಾಕಿ. ಎರಡು ಬೇರೆ ಬೇರೆ ಪಂದ್ಯ ಸಿಗುತ್ತದೆ.

ಹೊಸ ಪ್ರೇಕ್ಷಕಿ:
ಥ್ಯಾಂಕ್ಸ್ ಸರ್! ಮೂರು ಭಾಗ ಮಾಡುವ ಉಪಾಯ ಹಿಡಿಸಿತು. ಒಂದು ಅನುಮಾನ. ತೀರಾ ಸಮ ಅನಿಸಿದರೆ 10-10 ಕೊಡಬಹುದಾ?

ಹದಿನೈದನೇ ರೌಂಡ್:
ನಿಯಮದಲ್ಲಿ ಜಾಗ ಇದೆ, ಆದರೆ ರೂಢಿ ಮಾಡಿಕೊಳ್ಳಬೇಡಿ. 1980ರಲ್ಲಿ ಮಾಂಟ್ರಿಯಲ್‌ನ ಡ್ಯುರಾನ್–ಲೆನರ್ಡ್ ಮೊದಲ ಪಂದ್ಯದಲ್ಲಿ ಆಂಜೆಲೊ ಪೊಲೆಟ್ಟಿ ಅನ್ನುವ ಜಡ್ಜ್ ಹದಿನೈದರಲ್ಲಿ ಹತ್ತು ರೌಂಡ್ ಸಮ ಅಂತ ಬರೆದರು! ಉಳಿದ ಐದರಲ್ಲಿ ಡ್ಯುರಾನ್‌ಗೆ ಮೂರು, ಲೆನರ್ಡ್‌ಗೆ ಎರಡು. ಅದನ್ನು ಕೂಡಿಸುವುದರಲ್ಲೂ ಗೊಂದಲ ಆಗಿ ಮೊದಲು 147-147 ಅಂತ ಘೋಷಣೆ ಆಯಿತು, ಆಮೇಲೆ 148-147 ಅಂತ ತಿದ್ದಿದರು. ಅಷ್ಟು ಜೋರಾದ ಪಂದ್ಯ ನೋಡಿ ಹತ್ತು ಸಲ "ಗೊತ್ತಿಲ್ಲ" ಅಂದರೆ ಜಡ್ಜ್ ಯಾಕೆ ಬೇಕು, ಅಲ್ವಾ? ಮನೆಯಲ್ಲಿ ಕೂತಿರುವ ನಮಗೆ ಪ್ರಶ್ನೆ ಚಿಹ್ನೆ ಇದೆ, ಸಾಕು. 10-9 ಬರೆದು ಪಕ್ಕದಲ್ಲಿ ಅದನ್ನು ಹಾಕಿ.

ಹಳೇ ಕಾರ್ಡ್ ಗಿರಾಕಿ:
ತೀರಾ ಹಳೇ ಪಂದ್ಯ ನೋಡುವಾಗ ಆ ಊರಿನಲ್ಲಿ ಆಗ ಯಾವ ಲೆಕ್ಕ ಇತ್ತು ಅಂತ ತಿಳಿದುಕೊಂಡು ಕೂರಿ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿ–ಫ್ರೇಜಿಯರ್ ಆಡಿದಾಗ 10-9 ಇರಲಿಲ್ಲ, ಎಷ್ಟು ರೌಂಡ್ ಗೆದ್ದರು ಅನ್ನುವುದಷ್ಟೇ. ಮೂರೂ ಕಾರ್ಡ್ ಫ್ರೇಜಿಯರ್‌ಗೆ: 8-6 ಮತ್ತು ಒಂದು ಸಮ, 9-6, 11-4. ಹದಿನೈದನೇ ರೌಂಡಿನಲ್ಲಿ ಫ್ರೇಜಿಯರ್‌ನ ಎಡ ಹುಕ್ (ಪಕ್ಕದಿಂದ ಬೀಸುವ ಗುದ್ದು) ತಿಂದು ಅಲಿ ಅಂಗಾತ ಬೀಳುತ್ತಾನಲ್ಲ, ಈಗಾದರೆ ಅದು 10-8. ಆಗ ಅದೂ ಒಂದೇ ರೌಂಡ್, ಮುಟ್ಟಿಯೂ ಮುಟ್ಟದ ಹಾಗೆ ಗೆದ್ದದ್ದೂ ಒಂದೇ ರೌಂಡ್. ಎರಡೂ ಲೆಕ್ಕದಲ್ಲಿ ಹಾಕಿ ನೋಡಿ.

ಅದೇ ತಿಂಗಳು ಲಂಡನ್ನಿನ ವೆಂಬ್ಲಿಯಲ್ಲಿ ಕೂಪರ್–ಬಗ್ನರ್. ಅಲ್ಲಿ ಜಡ್ಜ್‌ಗಳೇ ಇಲ್ಲ, ರೆಫರಿ ಒಬ್ಬರದೇ ತೀರ್ಪು, ಅದೂ ಕಾಲು ಅಂಕದ ಲೆಕ್ಕ. ಹ್ಯಾರಿ ಗಿಬ್ಸ್ 73¾–73½ ಅಂತ ಬಗ್ನರ್ ಕೈ ಎತ್ತಿದರು. ಇಂಗ್ಲೆಂಡಿನವರ ಮುದ್ದಿನ ಹೆನ್ರಿ ಕೂಪರ್ ಕಾಲು ಅಂಕಕ್ಕೆ ಸೋತು, ಅಲ್ಲಿಗೇ ಆಟ ಬಿಟ್ಟ.

ರಾತ್ರಿ ಪಾಳಿ:
ಕೂತ ಜಾಗದ ಮಾತೂ ಇದೆ. ಜಡ್ಜ್‌ಗಳು ರಿಂಗಿನ ಮೂರು ಕಡೆ ಕೂರುತ್ತಾರೆ. ನಮಗೆ ಕ್ಯಾಮೆರಾ ಎಲ್ಲ ಕೋನದಿಂದಲೂ ತೋರಿಸುತ್ತದೆ. ಒಬ್ಬನ ಬೆನ್ನೇ ಕಾಣುತ್ತಿದ್ದರೆ ಜಡ್ಜ್ ಏನು ಮಾಡಬೇಕು ಪಾಪ. ಆದರೂ 1999ರ ಲೂಯಿಸ್–ಹೋಲಿಫೀಲ್ಡ್ ಮೊದಲ ಪಂದ್ಯಕ್ಕೆ ಆ ನೆಪ ನಾನು ಒಪ್ಪುವುದಿಲ್ಲ. ಹೊಡೆತ ಎಣಿಸುವ ಕಂಪ್ಯೂಬಾಕ್ಸ್‌ನವರ ಎಣಿಕೆಯಲ್ಲಿ ಲೂಯಿಸ್‌ನ 348 ಹೊಡೆತ ತಾಗಿವೆ, ಹೋಲಿಫೀಲ್ಡ್‌ನ 130. ಫಲಿತಾಂಶ ಡ್ರಾ! ಯುಜೀನಿಯಾ ವಿಲಿಯಮ್ಸ್ ಹೋಲಿಫೀಲ್ಡ್‌ಗೆ 115-113 ಕೊಟ್ಟರು. ಲೂಯಿಸ್ ಹಗ್ಗಕ್ಕೆ ಒರಗಿಸಿ ಬಾರಿಸಿದ ಐದನೇ ರೌಂಡ್ ಕೂಡ ಅವರ ಕಾರ್ಡಿನಲ್ಲಿ ಹೋಲಿಫೀಲ್ಡ್‌ದು. ಆ ಒಂದು ರೌಂಡ್ ಮಾತ್ರ ನೋಡಿ ಸಾಕು, ಅಲ್ಲಿ ಪ್ರಶ್ನೆ ಚಿಹ್ನೆಗೆ ಜಾಗವೇ ಇಲ್ಲ.

ಹಗ್ಗದ ಪಕ್ಕ:
ರೆಫರಿ ಕಡೆಗೂ ಗಮನ ಇರಲಿ. 2002ರ ಗಾಟ್ಟಿ–ವಾರ್ಡ್ ಮೊದಲ ಪಂದ್ಯದಲ್ಲಿ ಎಲ್ಲರೂ ಒಂಬತ್ತನೇ ರೌಂಡ್ ಬಗ್ಗೆಯೇ ಮಾತಾಡುತ್ತಾರೆ. ವಾರ್ಡ್ ಪಕ್ಕೆಗೆ ಎಡ ಹುಕ್ ಕೊಟ್ಟು ಗಾಟ್ಟಿಯನ್ನು ಬೀಳಿಸುತ್ತಾನೆ, ಅವನು ಎದ್ದು ತಿರುಗೇಟು ಕೊಡುತ್ತಾನೆ, ಮತ್ತೆ ವಾರ್ಡ್ ಹೊಡೆಯುತ್ತಾನೆ. ನೋಡುವವರಿಗೇ ಉಸಿರು ಕಟ್ಟುತ್ತದೆ. ಆದರೆ ಪಂದ್ಯ ತೀರ್ಮಾನ ಆದದ್ದು ನಾಲ್ಕನೇ ರೌಂಡಿನಲ್ಲಿ ಅಂತ ನನ್ನ ವಾದ. ಸೊಂಟದ ಕೆಳಗೆ ಹೊಡೆದದ್ದಕ್ಕೆ ಗಾಟ್ಟಿಗೆ ಒಂದು ಅಂಕ ಕಟ್ ಆಯಿತು. ಕಾರ್ಡ್‌ಗಳು 95-93, 94-93 ವಾರ್ಡ್‌ಗೆ, ಇನ್ನೊಂದು 94-94. ಗಾಟ್ಟಿಗೆ ಆ ಅಂಕ ವಾಪಸ್ ಕೊಟ್ಟು ಕೂಡಿಸಿ. ಒಂದು ವಾರ್ಡ್‌ಗೆ, ಒಂದು ಗಾಟ್ಟಿಗೆ, ಒಂದು ಸಮ. ಪಂದ್ಯವೇ ಡ್ರಾ! ಕಡಿತವಾದ ಅಂಕವನ್ನು ಕಾರ್ಡಿನಲ್ಲಿ ಆಗಲೇ ಬರೆದುಕೊಳ್ಳಿ. ಕೊನೆಯಲ್ಲಿ ಕಳೆಯೋಣ ಅಂದುಕೊಂಡರೆ ಮರೆತೇ ಹೋಗುತ್ತದೆ.

ಹದಿನೈದನೇ ರೌಂಡ್:
ಶುರು ಎಲ್ಲಿಂದ ಅಂತ ಕೇಳಿದ್ದಿರಿ. 1985ರ ಹ್ಯಾಗ್ಲರ್–ಹರ್ನ್ಸ್ ಥರದ್ದು ಸ್ಕೋರಿಂಗ್‌ಗೆ ಬೇಡ. ಮೂರೇ ರೌಂಡಿಗೆ ಮುಗಿಯುತ್ತದೆ, ಅದು ಊಟ ಮಾಡುತ್ತಾ ನೋಡುವ ಪಂದ್ಯ. ಕಲಿಯುವುದಕ್ಕೆ ನನ್ನ ಪ್ರಕಾರ 1993ರ ಸೆಪ್ಟೆಂಬರ್ 10ರ ಚಾವೆಜ್–ವಿಟೇಕರ್. ಸ್ಯಾನ್ ಆಂಟೋನಿಯೊದ ಅಲಮೋಡೋಮ್ ತುಂಬಾ ಚಾವೆಜ್ ಕಡೆಯ ಜನ, ಅವನು ಅಲ್ಲಿಯವರೆಗೆ 87 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಅವನು ಗಾಳಿಗೆ ಗುದ್ದಿದರೂ ಹೋ ಅನ್ನುತ್ತಾರೆ, ಈ ಪಂದ್ಯಕ್ಕೆ ಮಾತ್ರ ಪೂರ್ತಿ ಮ್ಯೂಟ್ ಮಾಡಿ. ವಿಟೇಕರ್ ಸಿಗುವುದೇ ಇಲ್ಲ. ಬಗ್ಗುತ್ತಾನೆ, ಪಕ್ಕಕ್ಕೆ ಜಾರುತ್ತಾನೆ, ಎದ್ದವನೇ ಎಡಗೈ ಕೊಡುತ್ತಾನೆ. ತಪ್ಪಿಸಿಕೊಳ್ಳುವುದಕ್ಕೂ ಅಂಕ ಇದೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇಬ್ಬರು ಜಡ್ಜ್ 115-115 ಕೊಟ್ಟರು, ಒಬ್ಬರು 115-113 ವಿಟೇಕರ್‌ಗೆ. ಅಲ್ಲಿಗೆ ಡ್ರಾ. ನನ್ನ ಕಾರ್ಡ್ 117-111 ವಿಟೇಕರ್‌ಗೆ, ಪ್ರಶ್ನೆ ಚಿಹ್ನೆ ಎರಡೇ. ನೋಡಿ ಆದಮೇಲೆ ನಿಮ್ಮದು ಹಾಕಿ.

ಹಗ್ಗದ ಪಕ್ಕ:
117 ಜಾಸ್ತಿ ಆಯಿತು ಗುರೂ. ಚಾವೆಜ್ ಹೊಟ್ಟೆಗೆ ಕೊಟ್ಟದ್ದನ್ನೆಲ್ಲ ಎಲ್ಲಿ ಬಿಟ್ಟೆ? ನನ್ನದು 115-113, ಅದೂ ಕಷ್ಟಪಟ್ಟು. ಮೇಡಂ, ಇವರ ಕಾರ್ಡ್ ನೋಡದೆ ನೀವೇ ಹಾಕಿ.