ಸಹಾಯ ಬೇಕು: ಲಾಸಿ (LASI, ವಯಸ್ಸಾದೋರ ಬಗ್ಗೆ ದೇಶಾದ್ಯಂತ ಮಾಡಿರೋ ಸರ್ವೆ) ಡೇಟಾ ಜೊತೆ ಕೆಲ್ಸ ಮಾಡಿದೋರು ಇದೀರಾ?

ನಮಸ್ಕಾರ ಎಲ್ರಿಗೂ, ಎಂಎ ಎಕನಾಮಿಕ್ಸ್ ಡಿಸರ್ಟೇಶನ್‌ಗೆ ಕರ್ನಾಟಕದಲ್ಲಿ 60 ದಾಟಿದ್ಮೇಲೂ ಕೂಲಿಗೆ ಹೋಗೋರು ಮೈಯಲ್ಲಿ ಶಕ್ತಿ ಇದೆ ಅಂತ ಹೋಗ್ತಾರಾ ಇಲ್ಲಾ ಪೆನ್ಶನ್ ಸಾಲ್ದೆ ವಿಧಿ ಇಲ್ದೆ ಹೋಗ್ತಾರಾ ಅಂತ ನೋಡ್ತಿದೀನಿ (ನಂಗನ್ಸೋದು ಎರಡ್ನೇದೇ). ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್‌ನವ್ರ ಲಾಸಿ ಸರ್ವೆ, 2017-18ರ ಮೊದಲ್ನೇ ವೇವ್ (ಸುತ್ತು) ಡೇಟಾ ಸಿಕ್ಕಿದೆ, 72 ಸಾವಿರಕ್ಕೂ ಜಾಸ್ತಿ ಜನ, ಕೆಲ್ಸ, ಆದಾಯ, ಸಾಲ, ಬಿಪಿ, ಮುಷ್ಟಿಯ ಬಲ ಎಲ್ಲಾ ಇದೆ, ಫೈಲ್ ತೆಗೆದ್ರೆ ತಲೆ ತಿರುಗುತ್ತೆ.

ಬರೀ ಕರ್ನಾಟಕ ತಗೊಂಡ್ರೆ ಸ್ಟೇಟ್ ವೇಯ್ಟ್ (ಸ್ಯಾಂಪಲ್ ಇಡೀ ರಾಜ್ಯದ ಜನಕ್ಕೆ ಹೊಂದೋ ಹಾಗೆ ಒಬ್ಬೊಬ್ರಿಗೂ ಕೊಡೋ ತೂಕ) ಹಾಕ್ಬೇಕಲ್ವಾ, ಇಂಡಿಯಾ ವೇಯ್ಟ್ ಅಲ್ಲ ತಾನೆ? ಮತ್ತೆ ಒಂದೇ ವೇವ್‌ನಲ್ಲಿ ಆರೋಗ್ಯ ಕೆಟ್ಟು ಕೆಲ್ಸ ಬಿಟ್ರಾ, ಕೆಲ್ಸ ಬಿಟ್ಮೇಲೆ ಆರೋಗ್ಯ ಕೆಡ್ತಾ ಅಂತ ಬೇರೆ ಮಾಡೋದು ಹೆಂಗೆ? ಸ್ಟಾಟಾ ಸಾಫ್ಟ್‌ವೇರ್ ಇಲ್ಲ, ಆರ್ (R)‌ನಲ್ಲೇ ಮಾಡ್ತಿರೋದು, ಯಾರತ್ರನಾದ್ರೂ ಕೋಡ್ ಇದ್ರೆ ಮೆಸೇಜ್ ಮಾಡಿ ಪ್ಲೀಸ್.